ಕೋಳಿಮರಿಗಳಿಗೆ ಔಷಧಯುಕ್ತ ಆಹಾರ ಅಥವಾ ಔಷಧರಹಿತ ಆಹಾರ: ಆಯ್ಕೆಯ ಕುರಿತು ಸಾಕಣೆದಾರರಿಗೆ ಮಾಹಿತಿ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ, ಹಳಿಯಾಳ, ದಾಂಡೇಲಿ ಹಾಗೂ ಜೋಯಿಡಾ ತಾಲ್ಲೂಕುಗಳಲ್ಲಿ ಹಿತ್ತಲ ಕೋಳಿ ಸಾಕಣೆಯು ಕೃಷಿಗೆ ಪೂರಕವಾದ ಉಪಕಸುಬಾಗಿದೆ. ಮುಂಡಗೋಡ ತಾಲ್ಲೂಕಿನ ಸನವಳ್ಳಿ ಮತ್ತು ಸುತ್ತಲಿನ ಗ್ರಾಮಗಳಲ್ಲಿ ಭತ್ತ ಮತ್ತು ಗೋವಿನಜೋಳ ಬೆಳೆಯುವ ಸಣ್ಣ ರೈತ ಕುಟುಂಬಗಳು ನಾಟಿ ಕೋಳಿಗಳ ಜೊತೆಗೆ ಗಿರಿರಾಜ, ಸ್ವರ್ಣಧಾರ, ಕಾವೇರಿ ಮುಂತಾದ ಸುಧಾರಿತ ತಳಿಗಳ ಮರಿಗಳನ್ನು ಸಾಕಲು ಆಸಕ್ತಿ ತೋರುತ್ತಿವೆ. ಗಿರಿರಾಜ ಮತ್ತು ಸ್ವರ್ಣಧಾರ ತಳಿಗಳನ್ನು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ, ಕಾವೇರಿ ತಳಿಯನ್ನು ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯಲ್ಲಿಯೂ ಅಭಿವೃದ್ಧಿಪಡಿಸಲಾಗಿದೆ.

ಮರಿಗಳನ್ನು ಮನೆಗೆ ತಂದ ದಿನವೇ ಸಾಕಣೆದಾರರ ಮುಂದೆ ಬರುವ ಪ್ರಶ್ನೆ, ಔಷಧ ಬೆರೆಸಿದ ಆಹಾರವನ್ನು ಕೊಡಬೇಕೇ ಅಥವಾ ಔಷಧವಿಲ್ಲದ ಆಹಾರ ಸಾಕೇ ಎಂಬುದಾಗಿದೆ. ಮಳೆಗಾಲದಲ್ಲಿ ಮೂರು ನಾಲ್ಕು ವಾರಗಳ ವಯಸ್ಸಿನ ಮರಿಗಳು ರಕ್ತಮಿಶ್ರಿತ ಹಿಕ್ಕೆ ಹಾಕಿ ಎರಡು ಮೂರು ದಿನಗಳಲ್ಲಿಯೇ ಗುಂಪಾಗಿ ಸಾಯುವ ಸಂದರ್ಭಗಳಿರುತ್ತವೆ. ಐವತ್ತು ಮರಿಗಳನ್ನು ಸಾಕುವ ಕುಟುಂಬಕ್ಕೆ ಇದು ಆ ವರ್ಷದ ಪೂರಕ ಆದಾಯವೇ ಇಲ್ಲದಂತಾಗುವ ನಷ್ಟವಾಗಿರುತ್ತದೆ. ಮತ್ತೊಂದೆಡೆ, ಅಗತ್ಯವಿಲ್ಲದಿದ್ದರೂ ಔಷಧವನ್ನು ಬಳಸುವುದರಿಂದ ವೆಚ್ಚ ಹೆಚ್ಚುವುದಲ್ಲದೆ, ಮಾಂಸ ಮತ್ತು ಮೊಟ್ಟೆಯಲ್ಲಿ ಔಷಧದ ಶೇಷ ಉಳಿಯುವ ಸಾಧ್ಯತೆಯೂ ಇರುತ್ತದೆ. ಆದ್ದರಿಂದ ಈ ಆಯ್ಕೆಯನ್ನು ತಿಳಿವಳಿಕೆಯಿಂದ ಮಾಡಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

2. ಔಷಧಯುಕ್ತ ಆಹಾರ ಎಂದರೇನು?

ಮರಿ ಆಹಾರಕ್ಕೆ ಸಂಬಂಧಿಸಿದಂತೆ ಔಷಧಯುಕ್ತ ಎಂದರೆ ಸಾಮಾನ್ಯವಾಗಿ ರಕ್ತಭೇದಿ ರೋಗವನ್ನು, ಅಂದರೆ ಕಾಕ್ಸಿಡಿಯೋಸಿಸ್ ರೋಗವನ್ನು, ತಡೆಯುವ ಔಷಧವನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಿದ ಆಹಾರ ಎಂದರ್ಥ. ಆಂಪ್ರೋಲಿಯಂ, ಸಾಲಿನೋಮೈಸಿನ್, ಮೊನೆನ್ಸಿನ್, ಮಧುರಾಮೈಸಿನ್, ಡೈಕ್ಲಾಜುರಿಲ್ ಮುಂತಾದವು ಈ ಉದ್ದೇಶಕ್ಕೆ ಬಳಕೆಯಲ್ಲಿರುವ ಔಷಧಗಳಾಗಿವೆ.

ಬ್ಯಾಕ್ಟೀರಿಯಾಗಳಿಂದ ಬರುವ ರೋಗಗಳಿಗೆ ಬಳಸುವ ಪ್ರತಿಜೀವಕಗಳನ್ನು (ಆಂಟಿಬಯಾಟಿಕ್) ಬೆರೆಸಿದ ಆಹಾರವು ಇದರಿಂದ ಭಿನ್ನವಾದುದು. ಯುರೋಪಿಯನ್ ಒಕ್ಕೂಟವು 1-1-2006 ರಿಂದ ಬೆಳವಣಿಗೆಗಾಗಿ ಪ್ರತಿಜೀವಕಗಳನ್ನು ಆಹಾರದಲ್ಲಿ ಬೆರೆಸುವುದನ್ನು ನಿಷೇಧಿಸಿತು; ಆದರೆ ರಕ್ತಭೇದಿ ತಡೆಯುವ ಔಷಧಗಳ ಬಳಕೆಯನ್ನು ನಿಯಂತ್ರಣಕ್ಕೊಳಪಟ್ಟು ಮುಂದುವರಿಸಿತು. ಭಾರತ ಸರ್ಕಾರವು ಜುಲೈ 2019 ರಲ್ಲಿ ಅಧಿಸೂಚನೆ ಹೊರಡಿಸಿ, ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿ ಮತ್ತು ಜಲಕೃಷಿಯಲ್ಲಿ ಕಾಲಿಸ್ಟಿನ್ ಎಂಬ ಪ್ರತಿಜೀವಕದ ಬಳಕೆಯನ್ನು ನಿಷೇಧಿಸಿದೆ. ಮನುಷ್ಯರಲ್ಲಿ ಬೇರೆ ಔಷಧಗಳಿಗೆ ಬಗ್ಗದ ಸೋಂಕುಗಳಿಗೆ ಕೊನೆಯ ಉಪಾಯವಾಗಿ ಬಳಸುವ ಔಷಧ ಇದಾಗಿರುವುದೇ ಈ ಕ್ರಮಕ್ಕೆ ಕಾರಣ. ಆದ್ದರಿಂದ "ಔಷಧ ಹಾಕಿದ ಆಹಾರ" ಎಂಬ ಮಾರಾಟಗಾರರ ಮಾತನ್ನು ಮಾತ್ರ ಆಧರಿಸದೆ, ಯಾವ ಔಷಧ ಎಂಬುದನ್ನು ಚೀಲದ ಮೇಲಿನ ಚೀಟಿಯಲ್ಲಿ ಓದಿ ತಿಳಿಯತಕ್ಕದ್ದು.

3. ರಕ್ತಭೇದಿ ರೋಗವು ಹರಡುವ ಬಗೆ

ಈ ರೋಗವು ಐಮೀರಿಯ ಎಂಬ ಏಕಕೋಶ ಪರಾವಲಂಬಿ ಜೀವಿಯಿಂದ ಉಂಟಾಗುತ್ತದೆ. ಇದರ ಹಲವು ಪ್ರಭೇದಗಳು ಕೋಳಿಯ ಕರುಳಿನ ಬೇರೆ ಬೇರೆ ಭಾಗಗಳನ್ನು ಹಾನಿಗೊಳಿಸುತ್ತವೆ. ಸೋಂಕು ತಗುಲಿದ ಕೋಳಿಯ ಹಿಕ್ಕೆಯಲ್ಲಿ ಗಟ್ಟಿ ಕವಚವುಳ್ಳ ಸೂಕ್ಷ್ಮ ಕಣಗಳು ಹೊರಬೀಳುತ್ತವೆ. ಹೊರಬಿದ್ದ ಕೂಡಲೇ ಇವು ರೋಗ ಹರಡುವುದಿಲ್ಲ. ತೇವ, ಬೆಚ್ಚನೆಯ ವಾತಾವರಣ ಮತ್ತು ಗಾಳಿ ಈ ಮೂರೂ ದೊರೆತಾಗ ಒಂದೆರಡು ದಿನಗಳಲ್ಲಿ ಮಾಗಿ ಸೋಂಕುಕಾರಕವಾಗುತ್ತವೆ. ಮರಿಯು ಹಾಸನ್ನು ಕುಕ್ಕುವಾಗ ಅಥವಾ ಹಿಕ್ಕೆ ಬಿದ್ದ ನೀರನ್ನು ಕುಡಿಯುವಾಗ ಇವು ಹೊಟ್ಟೆ ಸೇರಿ, ಸುಮಾರು 4 ರಿಂದ 7 ದಿನಗಳಲ್ಲಿ ಕರುಳಿನ ಜೀವಕೋಶಗಳೊಳಗೆ ವೃದ್ಧಿಯಾಗಿ, ಸಾವಿರಾರು ಹೊಸ ಕಣಗಳಾಗಿ ಹೊರಬರುತ್ತವೆ.

ಇಂತಹ ಎರಡು ಮೂರು ಸುತ್ತುಗಳಾಗುವಷ್ಟರಲ್ಲಿ ಮರಿಗಳಿಗೆ ಮೂರು ನಾಲ್ಕು ವಾರ ತುಂಬಿರುತ್ತದೆ. ಆದುದರಿಂದಲೇ ಈ ರೋಗವು ಹೆಚ್ಚಾಗಿ 3 ರಿಂದ 6 ವಾರಗಳ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಭಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮುಂಗಾರು ಮಳೆಯಲ್ಲಿ ಹಾಸು ಒಣಗದೆ ಉಳಿಯುವುದರಿಂದ ಈ ಸುತ್ತು ತೀವ್ರಗೊಳ್ಳುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಅಲ್ಪ ಪ್ರಮಾಣದ ಸೋಂಕು ಮರಿಯಲ್ಲಿ ರೋಗನಿರೋಧಕ ಶಕ್ತಿಯನ್ನು ಬೆಳೆಸುತ್ತದೆ. ಒಮ್ಮೆಲೇ ತಗುಲಿದ ಭಾರಿ ಸೋಂಕು ಮರಿಯನ್ನು ಕೊಲ್ಲುತ್ತದೆ. ಔಷಧಯುಕ್ತ ಆಹಾರದ ಉದ್ದೇಶವು ಸೋಂಕನ್ನು ಸಂಪೂರ್ಣವಾಗಿ ಅಳಿಸುವುದಲ್ಲ. ಮರಿಯು ಸ್ವಂತ ಶಕ್ತಿಯನ್ನು ಗಳಿಸುವವರೆಗೆ ಸೋಂಕನ್ನು ಮಿತಿಯಲ್ಲಿಡುವುದಾಗಿದೆ.

4. ಔಷಧಯುಕ್ತ ಆಹಾರದಿಂದ ಆಗುವುದು ಮತ್ತು ಆಗದಿರುವುದು

ಆಂಪ್ರೋಲಿಯಂ ಔಷಧವು ರಚನೆಯಲ್ಲಿ ಬಿ-1 ಜೀವಸತ್ವವನ್ನು ಹೋಲುತ್ತದೆ. ಪರಾವಲಂಬಿ ಜೀವಿಯು ಬಿ-1 ಜೀವಸತ್ವವನ್ನು ಹೀರಿಕೊಳ್ಳುವುದನ್ನು ಇದು ತಡೆಯುವುದರಿಂದ ಅದರ ವೃದ್ಧಿ ಕುಂಠಿತವಾಗುತ್ತದೆ. ಇದೇ ಕಾರಣದಿಂದ, ಈ ಆಹಾರವನ್ನು ನೀಡುತ್ತಿರುವಾಗ ಬಿ-1 ಇರುವ ಟಾನಿಕ್ಕುಗಳನ್ನು ಪಶುವೈದ್ಯರ ಸಲಹೆಯಿಲ್ಲದೆ ಹೆಚ್ಚು ಪ್ರಮಾಣದಲ್ಲಿ ಕೊಟ್ಟಲ್ಲಿ ಔಷಧದ ಪರಿಣಾಮ ಕಡಿಮೆಯಾಗುತ್ತದೆ.

ರಕ್ತಭೇದಿ ತಡೆಯುವ ಆಹಾರವು ಕೊಕ್ಕರೆ ರೋಗ, ಗುಂಬೊರೊ ರೋಗ ಮತ್ತು ಕೋಳಿ ಸಿಡುಬು ಇವುಗಳಿಂದ ರಕ್ಷಣೆ ನೀಡುವುದಿಲ್ಲ. ಇವು ವೈರಸ್ಸಿನಿಂದ ಬರುವ ರೋಗಗಳಾಗಿದ್ದು, ಇವುಗಳಿಗೆ ಲಸಿಕೆಯೇ ಮಾರ್ಗವಾಗಿರುತ್ತದೆ. ಔಷಧಯುಕ್ತ ಆಹಾರ ಕೊಡುತ್ತಿದ್ದೇವೆ ಎಂಬ ಕಾರಣಕ್ಕೆ ಲಸಿಕೆಯನ್ನು ಬಿಡಬಾರದು.

ಆಹಾರದಲ್ಲಿರುವ ಔಷಧದ ಪ್ರಮಾಣವು ತಡೆಗಟ್ಟಲು ಮಾತ್ರ ಸಾಕಾಗುವಂತಹದು. ರೋಗ ಬಂದ ಮರಿಯು ಆಹಾರವನ್ನು ತಿನ್ನುವುದನ್ನು ಬಿಡುತ್ತದೆ, ಆದರೆ ನೀರು ಕುಡಿಯುತ್ತದೆ. ಆದುದರಿಂದ ಚಿಕಿತ್ಸೆಯನ್ನು ಸಾಮಾನ್ಯವಾಗಿ ಕುಡಿಯುವ ನೀರಿನ ಮೂಲಕ, ಪಶುವೈದ್ಯರು ಸೂಚಿಸಿದ ಪ್ರಮಾಣದಲ್ಲಿ ನೀಡಲಾಗುತ್ತದೆ.

5. ಯಾವ ಸಂದರ್ಭದಲ್ಲಿ ಯಾವ ಆಹಾರ?

ಆಯ್ಕೆ ಮಾಡುವ ಮೊದಲು ಸಾಕಣೆದಾರರು ಮೂರು ವಿಷಯಗಳನ್ನು ಖಚಿತಪಡಿಸಿಕೊಳ್ಳಬೇಕು: ಮರಿಗಳು ಎಲ್ಲಿಂದ ಬಂದಿವೆ ಮತ್ತು ಅವುಗಳಿಗೆ ಯಾವ ಲಸಿಕೆ ಹಾಕಲಾಗಿದೆ, ಅವುಗಳನ್ನು ಎಂತಹ ಜಾಗದಲ್ಲಿ ಎಷ್ಟು ಸಂಖ್ಯೆಯಲ್ಲಿ ಸಾಕಲಾಗುವುದು, ಮತ್ತು ಇದು ಯಾವ ಋತು.

ಅ) ಔಷಧಯುಕ್ತ ಆಹಾರವು ಸೂಕ್ತವಾಗಿರುವ ಸಂದರ್ಭಗಳು: ತಾಯಿಕೋಳಿ ಇಲ್ಲದೆ ಬಲ್ಬಿನ ಕಾವಿನಲ್ಲಿ ನೆಲದ ಹಾಸಿನ ಮೇಲೆ ಒಟ್ಟಾಗಿ ಸಾಕುವ ಮರಿಗಳು, ಮಳೆಗಾಲದಲ್ಲಿ ತಂದ ಮರಿಗಳು, ಹಿಂದಿನ ತಂಡದಲ್ಲಿ ರಕ್ತಭೇದಿ ಕಾಣಿಸಿಕೊಂಡಿದ್ದ ಗೂಡಿನಲ್ಲಿ ಸಾಕುವ ಮರಿಗಳು, ಬೆಳೆದ ಕೋಳಿಗಳು ಓಡಾಡುವ ಜಾಗದಲ್ಲಿಯೇ ಬೆಳೆಯಬೇಕಾದ ಮರಿಗಳು. ಬೆಳೆದ ಕೋಳಿಗಳು ತಾವು ಆರೋಗ್ಯದಿಂದ ಕಂಡರೂ ಹಿಕ್ಕೆಯ ಮೂಲಕ ಸೋಂಕನ್ನು ಹರಡುತ್ತಿರಬಹುದು.

ಆ) ಔಷಧರಹಿತ ಆಹಾರವು ಸಾಕಾಗುವ ಸಂದರ್ಭಗಳು: ತಾಯಿಕೋಳಿಯೊಂದಿಗೆ ವಿಶಾಲವಾದ ಹಿತ್ತಲಿನಲ್ಲಿ ಓಡಾಡಿಕೊಂಡಿರುವ ಕೆಲವೇ ನಾಟಿ ಮರಿಗಳು; ಬೇಸಿಗೆಯಲ್ಲಿ ಒಣ ನೆಲದ ಮೇಲೆ ಸಾಕುವ ಸಣ್ಣ ತಂಡ; ಹಿಕ್ಕೆ ಕೆಳಗೆ ಬೀಳುವಂತೆ ತಂತಿ ಜಾಲರಿ ಅಥವಾ ಬಿದಿರಿನ ಪಟ್ಟಿಗಳ ಎತ್ತರದ ನೆಲವಿರುವ ಗೂಡಿನ ಮರಿಗಳು. ಆದರೆ ಇಲ್ಲಿಯೂ ಹಿಕ್ಕೆಯನ್ನು ಪ್ರತಿದಿನ ಗಮನಿಸತಕ್ಕದ್ದು.

ಇ) ಔಷಧಯುಕ್ತ ಆಹಾರವನ್ನು ಕೊಡಬಾರದ ಸಂದರ್ಭ: ಮೊಟ್ಟೆಮನೆಯಲ್ಲಿಯೇ (ಹ್ಯಾಚರಿ) ರಕ್ತಭೇದಿಯ ಜೀವಂತ ಲಸಿಕೆ ಪಡೆದ ಮರಿಗಳಿಗೆ ಈ ಔಷಧವಿರುವ ಆಹಾರವನ್ನು ಕೊಡಬಾರದು. ಲಸಿಕೆಯಲ್ಲಿರುವ ಪರಾವಲಂಬಿಯು ಮರಿಯ ಕರುಳಿನಲ್ಲಿ ಸ್ವಲ್ಪ ಮಟ್ಟಿಗೆ ವೃದ್ಧಿಯಾದರೆ ಮಾತ್ರ ನಿರೋಧಕ ಶಕ್ತಿ ಉಂಟಾಗುತ್ತದೆ. ಔಷಧವು ಆ ವೃದ್ಧಿಯನ್ನು ತಡೆಯುವುದರಿಂದ ಲಸಿಕೆಯು ವ್ಯರ್ಥವಾಗುತ್ತದೆ. ಮಾರೆಕ್ಸ್ ಅಥವಾ ಕೊಕ್ಕರೆ ರೋಗದ ಲಸಿಕೆಗೆ ಈ ನಿರ್ಬಂಧವು ಅನ್ವಯಿಸುವುದಿಲ್ಲ. ಆದ್ದರಿಂದ "ಲಸಿಕೆ ಆಗಿದೆಯೇ" ಎಂದಷ್ಟೇ ಕೇಳದೆ "ಯಾವ ರೋಗದ ಲಸಿಕೆ ಆಗಿದೆ" ಎಂದು ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

6. ನಾಲ್ಕರಿಂದ ಆರು ವಾರಗಳ ಮರಿಗಳನ್ನು ಪಡೆಯುವವರಿಗೆ ಸೂಚನೆ

ಗ್ರಾಮೀಣ ಕೋಳಿ ಸಾಕಣೆಯಲ್ಲಿ ಒಂದು ದಿನದ ಮರಿಗಳನ್ನು ತಾಯಿ ಘಟಕಗಳಲ್ಲಿ ಸುಮಾರು ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಸಾಕಿ, ಅನಂತರ ಸಾಕಣೆದಾರರಿಗೆ ನೀಡುವ ಪದ್ಧತಿ ಇದೆ. ಈ ಮರಿಗಳಿಗೆ ಘಟಕದಲ್ಲಿ ಔಷಧಯುಕ್ತ ಆಹಾರ ನೀಡಿದ್ದು, ಮನೆಗೆ ಬಂದ ದಿನದಿಂದಲೇ ಅಕ್ಕಿ ನುಚ್ಚು ಮತ್ತು ಜೋಳದ ಪುಡಿಗೆ ಬದಲಾಯಿಸಿದಲ್ಲಿ, ಔಷಧದ ರಕ್ಷಣೆ ತಪ್ಪುವುದೂ, ಹಿತ್ತಲಿನ ಹೊಸ ಸೋಂಕು ತಗುಲುವುದೂ, ಪ್ರಯಾಣದ ಬಳಲಿಕೆಯೂ ಒಂದೇ ವಾರದಲ್ಲಿ ಕೂಡಿ ಬರುತ್ತವೆ. ಮನೆಗೆ ತಂದ ನಂತರ ಮರಿಗಳು ಸಾಯಲು ಇದೂ ಒಂದು ಕಾರಣವಾಗಬಹುದು.

ಇದನ್ನು ತಪ್ಪಿಸಲು, ಘಟಕದಲ್ಲಿ ಕೊಡುತ್ತಿದ್ದ ಆಹಾರ ಯಾವುದೆಂದು ಮರಿಗಳನ್ನು ಪಡೆಯುವಾಗಲೇ ಕೇಳಿ ತಿಳಿಯಬೇಕು. ಸಾಧ್ಯವಾದಲ್ಲಿ ಅದೇ ಆಹಾರವನ್ನು ಸುಮಾರು ಎರಡು ವಾರ ಮುಂದುವರಿಸಿ, ಅನಂತರ ನಾಲ್ಕೈದು ದಿನಗಳ ಅವಧಿಯಲ್ಲಿ ಹಳೆಯ ಆಹಾರವನ್ನು ಕಡಿಮೆ ಮಾಡುತ್ತಾ ಹೊಸದನ್ನು ಹೆಚ್ಚಿಸುತ್ತಾ ಬದಲಾಯಿಸಬೇಕು. ಎಡೆಬಿಡದೆ ಮಳೆ ಸುರಿಯುವ ದಿನಗಳಲ್ಲಿ ಈ ಬದಲಾವಣೆಯನ್ನು ಮಾಡದಿರುವುದು ಒಳ್ಳೆಯದು.

7. ಚೀಲದ ಮೇಲಿನ ಚೀಟಿಯಲ್ಲಿ ನೋಡಬೇಕಾದ ಅಂಶಗಳು

ಕೋಳಿ ಆಹಾರಕ್ಕೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 1374 ಮಾನದಂಡವಿದೆ. ಆಹಾರವನ್ನು ಖರೀದಿಸುವಾಗ ಈ ಕೆಳಗಿನ ಅಂಶಗಳನ್ನು ಪರಿಶೀಲಿಸುವುದು:

1) ಆಹಾರದ ವರ್ಗ. ಮೊದಲ ವಾರಗಳಲ್ಲಿ ಮರಿ ಆಹಾರ (ಚಿಕ್ ಮ್ಯಾಶ್ ಅಥವಾ ಸ್ಟಾರ್ಟರ್) ಮಾತ್ರ ಕೊಡಬೇಕು. ಇದರಲ್ಲಿ ಸುಮಾರು ಶೇ. 20 ರಷ್ಟು ಸಸಾರಜನಕ ಇರಬೇಕು. ಮೊಟ್ಟೆ ಇಡುವ ಕೋಳಿಗಳ ಆಹಾರದಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಮರಿಗಳ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

2) ಔಷಧದ ಹೆಸರು ಮತ್ತು ಪ್ರಮಾಣ.

3) ತಯಾರಿಸಿದ ದಿನಾಂಕ ಮತ್ತು ಬಳಸಬೇಕಾದ ಅವಧಿ. ಮಳೆಗಾಲದಲ್ಲಿ ಹದಿನೈದು ದಿನಗಳಿಗೆ ಬೇಕಾಗುವಷ್ಟನ್ನು ಮಾತ್ರ ಖರೀದಿಸುವುದು ಸೂಕ್ತ.

4) ಮಾಂಸಕ್ಕೆ ಬಳಸುವ ಮೊದಲು ಔಷಧವನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಎಂಬ ಸೂಚನೆ.

5) ಯಾವ ಪ್ರಾಣಿ ಪಕ್ಷಿಗಳಿಗೆ ಕೊಡಬಾರದು ಎಂಬ ಎಚ್ಚರಿಕೆ. ಸಾಲಿನೋಮೈಸಿನ್ ಇರುವ ಆಹಾರವು ಟರ್ಕಿ ಕೋಳಿಗಳಿಗೂ ಕುದುರೆಗಳಿಗೂ ಮಾರಕವಾಗಬಲ್ಲದು. ಮೊನೆನ್ಸಿನ್ ಸಹ ಕುದುರೆಗಳಿಗೆ ಮಾರಕ. ಉಳಿದ ಕೋಳಿ ಆಹಾರವನ್ನು ದನಕರು, ಆಡು ಮತ್ತು ನಾಯಿಗಳಿಗೆ ಹಾಕಬಾರದು.

ಚೀಟಿ ಇಲ್ಲದ ಅಥವಾ ಬಿಡಿಯಾಗಿ ತೂಗಿ ಕೊಡುವ ಆಹಾರದಲ್ಲಿ ಔಷಧವಿದೆಯೇ ಎಂದು ತಿಳಿಯಲು ಬೇರೆ ದಾರಿಯಿಲ್ಲ. ಬಣ್ಣ ಅಥವಾ ವಾಸನೆಯಿಂದ ಇದನ್ನು ಗುರುತಿಸಲಾಗದು. ಅಂಗಡಿಯವರು ತೆರೆದ ಚೀಲದಿಂದ ತೂಗಿ ಕೊಡುವುದಾದರೆ, ಆ ಚೀಲದ ಚೀಟಿಯನ್ನು ನೋಡಿ ಖರೀದಿಸುವುದು.

8. ಮನೆಯಲ್ಲಿಯೇ ಆಹಾರ ತಯಾರಿಸುವವರಿಗೆ

ಸ್ವಂತ ಗೋವಿನಜೋಳ, ಅಕ್ಕಿ ತೌಡು ಮತ್ತು ಶೇಂಗಾ ಅಥವಾ ಸೋಯಾ ಹಿಂಡಿಯಿಂದ ಆಹಾರ ತಯಾರಿಸುವುದು ವೆಚ್ಚವನ್ನು ತಗ್ಗಿಸುತ್ತದೆ. ಆದರೆ ಅದಕ್ಕೆ ಔಷಧವನ್ನು ಕೈಯಿಂದ ಬೆರೆಸಬಾರದು. ಆಂಪ್ರೋಲಿಯಂ ಔಷಧದ ತಡೆಗಟ್ಟುವ ಪ್ರಮಾಣವು ಸಾಮಾನ್ಯವಾಗಿ ಹತ್ತು ಲಕ್ಷ ಭಾಗಕ್ಕೆ 125 ಭಾಗ, ಅಂದರೆ ಒಂದು ಕ್ವಿಂಟಲ್ ಆಹಾರಕ್ಕೆ 12.5 ಗ್ರಾಂ ಮೂಲ ಔಷಧ. ಇಪ್ಪತ್ತು ಕಿಲೋ ಆಹಾರಕ್ಕೆ ಇದು ಕೇವಲ 2.5 ಗ್ರಾಂ ಆಗುತ್ತದೆ. ಇಷ್ಟು ಸಣ್ಣ ಪ್ರಮಾಣವನ್ನು ಸಲಿಕೆಯಿಂದ ಸಮನಾಗಿ ಬೆರೆಸುವುದು ಸಾಧ್ಯವಿಲ್ಲ. ಒಂದು ಮರಿಗೆ ಏನೂ ಸಿಗದೆ ಮತ್ತೊಂದಕ್ಕೆ ಅತಿಯಾಗಿ ಸಿಗುತ್ತದೆ. ಮೊನೆನ್ಸಿನ್, ಮಧುರಾಮೈಸಿನ್‌ನಂತಹ ಔಷಧಗಳಲ್ಲಿ ಸರಿಯಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ ಇರುವುದರಿಂದ ಅಪಾಯ ಇನ್ನೂ ಹೆಚ್ಚು.

ಮನೆಯ ಆಹಾರವನ್ನೇ ಬಳಸಲು ಇಚ್ಛಿಸುವವರು ಮೊದಲ ಆರರಿಂದ ಎಂಟು ವಾರ ತಯಾರಾದ ಮರಿ ಆಹಾರವನ್ನು ಬಳಸಿ, ಅನಂತರ ಮನೆಯ ಆಹಾರಕ್ಕೆ ಬದಲಾಯಿಸಬಹುದು. ಸರಿಯಾಗಿ ಒಣಗದ, ಬೂಷ್ಟು ಹಿಡಿದ ಜೋಳವನ್ನು ಯಾವ ಕಾರಣಕ್ಕೂ ಬಳಸಬಾರದು. ಬೂಷ್ಟಿನಿಂದ ಉಂಟಾಗುವ ಅಫ್ಲಾಟಾಕ್ಸಿನ್ ವಿಷವು ಯಕೃತ್ತನ್ನು ಹಾಳುಮಾಡಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ. ರಕ್ತಭೇದಿ ತಡೆಯುವ ಔಷಧವು ಈ ವಿಷವನ್ನು ತಡೆಯುವುದಿಲ್ಲ.

9. ಹಾಸು ಒಣಗಿದ್ದರೆ ಅರ್ಧ ಔಷಧ

ಹಾಸು ಒದ್ದೆಯಾಗಿದ್ದಲ್ಲಿ ಯಾವ ಆಹಾರವನ್ನು ಆಯ್ದರೂ ಸಂಪೂರ್ಣ ರಕ್ಷಣೆ ದೊರೆಯುವುದಿಲ್ಲ. ಸಾಮಾನ್ಯ ಫಿನೈಲ್ ಮತ್ತು ಬ್ಲೀಚಿಂಗ್ ಪುಡಿಯಿಂದ ಈ ರೋಗದ ಕಣಗಳು ಸಾಯುವುದಿಲ್ಲ. ಒಣಗುವಿಕೆ ಮತ್ತು ಬಿಸಿಯಿಂದ ನಾಶವಾಗುತ್ತವೆ. ಆದ್ದರಿಂದ ಈ ಕ್ರಮಗಳನ್ನು ಅನುಸರಿಸುವುದು:

1) ಭತ್ತದ ಹೊಟ್ಟನ್ನು ಬಿಸಿಲಿನಲ್ಲಿ ಒಣಗಿಸಿ ಸುಮಾರು ಎರಡು ಅಂಗುಲ ದಪ್ಪಕ್ಕೆ ಹರಡಬೇಕು. ಮಳೆಗಾಲಕ್ಕೆ ಬೇಕಾಗುವ ಹೊಟ್ಟನ್ನು ಬೇಸಿಗೆಯಲ್ಲಿಯೇ ಒಣಗಿಸಿ ಚೀಲಗಳಲ್ಲಿ ಸಂಗ್ರಹಿಸಿಡಬೇಕು.

2) ಹಾಸನ್ನು ಪ್ರತಿದಿನ ತಿರುವಿ ಹಾಕಬೇಕು. ನೀರಿನ ಪಾತ್ರೆಯ ಸುತ್ತ ಒದ್ದೆಯಾದ ಹೊಟ್ಟನ್ನು ಅಂದೇ ತೆಗೆದು ಒಣ ಹೊಟ್ಟು ಹಾಕಬೇಕು. ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟಾಗ ಉಂಡೆಯಾಗಿಯೇ ಉಳಿದರೆ ತೇವ ಹೆಚ್ಚಾಗಿದೆ ಎಂದು ತಿಳಿಯಬೇಕು.

3) ನಾಲ್ಕು ವಾರಗಳವರೆಗೆ ಮರಿಯೊಂದಕ್ಕೆ ಅರ್ಧ ಚದರ ಅಡಿ, ನಾಲ್ಕರಿಂದ ಎಂಟು ವಾರಗಳವರೆಗೆ ಒಂದು ಚದರ ಅಡಿ ಜಾಗ ಒದಗಿಸಬೇಕು. ಐವತ್ತು ಮರಿಗಳಿಗೆ ಮೊದಲು 25, ಅನಂತರ 50 ಚದರ ಅಡಿ ಬೇಕಾಗುತ್ತದೆ.

4) ಆಹಾರ ಮತ್ತು ನೀರಿನ ಪಾತ್ರೆಗಳ ಅಂಚು ಮರಿಗಳ ಬೆನ್ನಿನ ಮಟ್ಟದಲ್ಲಿರುವಂತೆ ಎತ್ತರಿಸಬೇಕು. ಇದರಿಂದ ಹಿಕ್ಕೆ ಒಳಗೆ ಬೀಳುವುದು ತಪ್ಪುತ್ತದೆ.

5) ಇರಚಲು ಬಡಿಯುವ ಕಡೆಗೆ ಮಾತ್ರ ಚೀಲದ ಪರದೆ ಕಟ್ಟಬೇಕು. ಗೂಡನ್ನು ಎಲ್ಲ ಕಡೆ ಮುಚ್ಚಿದಲ್ಲಿ ತೇವ ಒಳಗೇ ಉಳಿಯುತ್ತದೆ.

6) ಬೆಳೆದ ಕೋಳಿಗಳ ಗೂಡಿಗೆ ಹೋಗಿ ಬಂದ ಪಾದರಕ್ಷೆಯಲ್ಲಿ ಮರಿಗಳ ಗೂಡಿಗೆ ಹೋಗಬಾರದು.

10. ರೋಗದ ಲಕ್ಷಣ ಕಂಡುಬಂದಲ್ಲಿ

ಮರಿಗಳು ರೆಕ್ಕೆ ಇಳಿಬಿಟ್ಟು ಗರಿ ಕೆದರಿಕೊಂಡು ಮೂಲೆಯಲ್ಲಿ ಗುಂಪಾಗಿ ನಿಲ್ಲುವುದು, ಆಹಾರ ಬಿಡುವುದು, ಜುಟ್ಟು ಬಿಳಿಚಿಕೊಳ್ಳುವುದು ಮತ್ತು ಹಿಕ್ಕೆಯಲ್ಲಿ ರಕ್ತ ಕಾಣುವುದು ರಕ್ತಭೇದಿಯ ಲಕ್ಷಣಗಳಾಗಿವೆ. ಆರೋಗ್ಯವಂತ ಕೋಳಿಯೂ ದಿನದಲ್ಲಿ ಕೆಲವು ಬಾರಿ ಕಂದು ಬಣ್ಣದ ಅಂಟಾದ ಹಿಕ್ಕೆಯನ್ನು ಹಾಕುತ್ತದೆ. ಇದನ್ನು ರಕ್ತವೆಂದು ಭಾವಿಸಿ ಗಾಬರಿಗೊಳ್ಳಬಾರದು.

ರಕ್ತ ಕಂಡ ದಿನವೇ ರೋಗಪೀಡಿತ ಮರಿಗಳನ್ನು ಬೇರ್ಪಡಿಸಿ, ಒದ್ದೆ ಹಾಸನ್ನು ತೆಗೆದು, ತಾಜಾ ಹಿಕ್ಕೆಯ ಮಾದರಿಯನ್ನು ಅಥವಾ ಆಗಷ್ಟೇ ಸತ್ತ ಮರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹತ್ತಿರದ ಪಶುವೈದ್ಯ ಸಂಸ್ಥೆಗೆ ತರಬೇಕು. ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ಖಚಿತಪಡಿಸಬಹುದು. ಚಿಕಿತ್ಸೆ ಒಂದು ದಿನ ತಡವಾದರೂ ಸಾವು ಹೆಚ್ಚುತ್ತದೆ. ಗುಂಪಿನಲ್ಲಿ ಒಂದು ಮರಿಗೆ ರೋಗ ಬಂದಲ್ಲಿ ಉಳಿದವುಗಳಿಗೂ ಸೋಂಕು ತಗುಲಿರುವುದರಿಂದ ಇಡೀ ಗುಂಪಿಗೆ ಚಿಕಿತ್ಸೆ ನೀಡಬೇಕಾಗುತ್ತದೆ.

11. ಮಾಂಸ ಮತ್ತು ಮೊಟ್ಟೆಯ ಬಳಕೆ

ಔಷಧ ನೀಡಿದ ಕೋಳಿಯ ಮಾಂಸ ಹಾಗೂ ಮೊಟ್ಟೆಯನ್ನು ಚೀಟಿಯಲ್ಲಿ ಸೂಚಿಸಿದ ಅವಧಿ ಮುಗಿಯುವವರೆಗೆ ಬಳಸಬಾರದು, ಮಾರಬಾರದು. 2012 ರಲ್ಲಿ ಔಷಧ ನಿಯಮಗಳಿಗೆ ಮಾಡಲಾದ ತಿದ್ದುಪಡಿಯನ್ವಯ, ಆಹಾರಕ್ಕಾಗಿ ಸಾಕುವ ಪ್ರಾಣಿಗಳ ಔಷಧಗಳ ಮೇಲೆ ಈ ಅವಧಿಯನ್ನು ನಮೂದಿಸುವುದು ಕಡ್ಡಾಯವಾಗಿದೆ. ನಿರ್ದಿಷ್ಟ ಅವಧಿಯು ದೃಢಪಡದಿದ್ದಲ್ಲಿ ಅದು ಮೊಟ್ಟೆ ಮತ್ತು ಹಾಲಿಗೆ 7 ದಿನ, ಕೋಳಿ ಹಾಗೂ ಇತರ ಪ್ರಾಣಿಗಳ ಮಾಂಸಕ್ಕೆ 28 ದಿನಗಳಿಗಿಂತ ಕಡಿಮೆ ಇರತಕ್ಕದ್ದಲ್ಲ. ಮೊಟ್ಟೆ ಇಡಲು ಆರಂಭಿಸುವ ಮುಂಚೆಯೇ ಹೇಂಟೆಗಳಿಗೆ ಔಷಧಯುಕ್ತ ಆಹಾರವನ್ನು ನಿಲ್ಲಿಸುವುದು ಸೂಕ್ತ.

12. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಔಷಧಯುಕ್ತ ಆಹಾರ ತಿಂದ ಮರಿಗಳು ಮುಂದೆ ದುರ್ಬಲವಾಗುತ್ತವೆಯೇ?
ಉತ್ತರ: ಸೂಚಿಸಿದ ಪ್ರಮಾಣದಲ್ಲಿ ಹಾಗೂ ಅವಧಿಯಲ್ಲಿ ನೀಡಿದಲ್ಲಿ ಇಲ್ಲ. ಆಂಪ್ರೋಲಿಯಂನಂತಹ ಔಷಧದ ತಡೆಗಟ್ಟುವ ಪ್ರಮಾಣವು ಅಲ್ಪ ಸೋಂಕಿಗೆ ಅವಕಾಶ ನೀಡುವುದರಿಂದ ನಿರೋಧಕ ಶಕ್ತಿ ಬೆಳೆಯುತ್ತದೆ.

ಪ್ರಶ್ನೆ: ಕೆಲವು ದಿನ ಔಷಧಯುಕ್ತ, ಕೆಲವು ದಿನ ಔಷಧರಹಿತ ಆಹಾರ ಕೊಡಬಹುದೇ?
ಉತ್ತರ: ಕೊಡಬಾರದು. ಹೀಗೆ ಮಾಡಿದಲ್ಲಿ ರಕ್ಷಣೆಯೂ ಇಲ್ಲ, ಉಳಿತಾಯವೂ ಇಲ್ಲ. ಎರಡನ್ನೂ ಅರ್ಧರ್ಧ ಬೆರೆಸಿ ದೀರ್ಘಕಾಲ ಕೊಡುವುದರಿಂದಲೂ ಔಷಧದ ಪ್ರಮಾಣ ಸಾಲದಾಗುತ್ತದೆ.

ಪ್ರಶ್ನೆ: ಅರಿಶಿನ, ಬೆಳ್ಳುಳ್ಳಿ ಕೊಟ್ಟರೆ ಔಷಧ ಬೇಡವೇ?
ಉತ್ತರ: ಇವುಗಳನ್ನು ಅಲ್ಪ ಪ್ರಮಾಣದಲ್ಲಿ ಕೊಡುವುದಕ್ಕೆ ಅಡ್ಡಿಯಿಲ್ಲ. ಆದರೆ ರಕ್ತ ಕಾಣಿಸಿಕೊಂಡ ಮೇಲೆ ಇವುಗಳನ್ನೇ ನಂಬಿ ಚಿಕಿತ್ಸೆಯನ್ನು ತಡಮಾಡಬಾರದು.

ಪ್ರಶ್ನೆ: ಒಮ್ಮೆ ರೋಗದಿಂದ ಚೇತರಿಸಿಕೊಂಡ ಕೋಳಿಗೆ ಮತ್ತೆ ಬರುತ್ತದೆಯೇ?
ಉತ್ತರ: ಒಂದು ಪ್ರಭೇದದ ಸೋಂಕಿನಿಂದ ಬಂದ ನಿರೋಧಕ ಶಕ್ತಿಯು ಆ ಪ್ರಭೇದಕ್ಕೆ ಮಾತ್ರ ಅನ್ವಯಿಸುತ್ತದೆ. ಬೇರೆ ಪ್ರಭೇದದಿಂದ ಮತ್ತೆ ರೋಗ ಬರುವ ಸಾಧ್ಯತೆ ಇರುತ್ತದೆ.

13. ಸಲಹೆ ಮತ್ತು ಸೇವೆ ಪಡೆಯುವ ವಿಧಾನ

ಕೋಳಿಮರಿ, ತರಬೇತಿ ಅಥವಾ ಲಸಿಕೆ ಸೌಲಭ್ಯಕ್ಕಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವ ಸನವಳ್ಳಿ ಹಾಗೂ ಸುತ್ತಲಿನ ಗ್ರಾಮಗಳ ರೈತ ಬಾಂಧವರು ಮತ್ತು ಮಹಿಳಾ ಸ್ವಸಹಾಯ ಗುಂಪುಗಳ ಸದಸ್ಯರು ತಮ್ಮ ವ್ಯಾಪ್ತಿಯ ಪಶುವೈದ್ಯ ಸಂಸ್ಥೆಯನ್ನು ಅಥವಾ ಮುಂಡಗೋಡದ ತಾಲ್ಲೂಕು ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು. ಆಯಾ ವರ್ಷದಲ್ಲಿ ಜಾರಿಯಲ್ಲಿರುವ ಯೋಜನೆ, ಅರ್ಹತೆ ಮತ್ತು ಬೇಕಾದ ದಾಖಲೆಗಳ ವಿವರವನ್ನು ಅಲ್ಲಿಯೇ ಪಡೆಯುವುದು. ಸಂಚಾರಿ ಪಶು ಚಿಕಿತ್ಸಾ ಸೇವೆಗಾಗಿ ಸಹಾಯವಾಣಿ ಸಂಖ್ಯೆ 1962 ಕ್ಕೆ ಕರೆ ಮಾಡಬಹುದು.

ಆಹಾರದ ಆಯ್ಕೆಯ ಬಗ್ಗೆ ಸಲಹೆ ಕೇಳಲು ಬರುವವರು ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ತಂದಲ್ಲಿ ಸರಿಯಾದ ಸಲಹೆ ನೀಡಲು ಅನುಕೂಲವಾಗುತ್ತದೆ:

1) ಮರಿಗಳ ತಳಿ, ಸಂಖ್ಯೆ ಮತ್ತು ವಯಸ್ಸು
2) ಮರಿಗಳನ್ನು ಪಡೆದ ಸ್ಥಳ ಮತ್ತು ದಿನಾಂಕ
3) ಈವರೆಗೆ ಹಾಕಿಸಿದ ಲಸಿಕೆಗಳು
4) ಈಗ ಕೊಡುತ್ತಿರುವ ಆಹಾರದ ಚೀಲದ ಚೀಟಿ
5) ಗೂಡಿನ ಅಳತೆ ಮತ್ತು ಹಾಸಿನ ವಿಧ
6) ಹಿಂದಿನ ತಂಡದಲ್ಲಿ ಸತ್ತ ಮರಿಗಳ ಸಂಖ್ಯೆ ಮತ್ತು ಸತ್ತಾಗಿನ ವಯಸ್ಸು

ಒಟ್ಟಾರೆಯಾಗಿ, ಮಳೆಗಾಲದಲ್ಲಿ ನೆಲದ ಹಾಸಿನ ಮೇಲೆ ಗುಂಪಾಗಿ ಬೆಳೆಯುವ, ರಕ್ತಭೇದಿಯ ಲಸಿಕೆ ಆಗದ ಮರಿಗಳಿಗೆ ಮೊದಲ ಆರರಿಂದ ಎಂಟು ವಾರ ಔಷಧಯುಕ್ತ ಆಹಾರವು ಸೂಕ್ತ. ತಾಯಿಕೋಳಿಯೊಂದಿಗೆ ಒಣ ನೆಲದಲ್ಲಿ ಬೆಳೆಯುವ ಸಣ್ಣ ತಂಡಕ್ಕೆ ಔಷಧರಹಿತ ಆಹಾರ ಸಾಕು. ರಕ್ತಭೇದಿಯ ಲಸಿಕೆ ಆದ ಮರಿಗಳಿಗೆ ಔಷಧಯುಕ್ತ ಆಹಾರ ಬೇಡ. ಯಾವುದನ್ನೇ ಆಯ್ದರೂ ಹಾಸನ್ನು ಒಣಗಿರಿಸುವ ಕೆಲಸವನ್ನು ಒಂದು ದಿನವೂ ಬಿಡದಿರಲು ಕೋರಲಾಗಿದೆ.